ಒಂದು ಕಮಾನು, ನಾಲ್ಕು ಮೊಳೆ

ಕಲಬುರಗಿಯ ಹಫ್ತ್ ಗುಂಬಜ್, ಅಂದರೆ ಏಳು ಗೋರಿಗಳ ಗುಂಪಿನ ಮುಂದೆ ಕೂತು ನಾನು ತೆಗೆದ ಮೊದಲ ಚಿತ್ರ ನೋಡಿ ಅಕ್ಕನ ಮಗಳು ಹೇಳಿದ್ದು ಒಂದೇ ಮಾತು. "ಮಾಮಾ, ಉಳ್ಳಾಗಡ್ಡಿ ಛಂದ ತೆಗ್ದಿ."

ಅದು ಫಿರೋಜ್ ಶಾ ಬಹಮನಿಯ ಗೋರಿ. 1422ರಲ್ಲಿ ತೀರಿಕೊಂಡ ಸುಲ್ತಾನ. ಹಫ್ತ್ ಗುಂಬಜಿನ ಏಳರಲ್ಲಿ ದೊಡ್ಡದು ಅದೇ, ಎರಡು ಗುಮ್ಮಟ ಅಕ್ಕಪಕ್ಕ ಸೇರಿಸಿ ಕಟ್ಟಿದ್ದು. ಗೋಡೆ ಮೇಲೆ ಎರಡು ಸಾಲು ಕಮಾನು. ನನ್ನ ಹಾಳೆಯಲ್ಲಿ ಅವೆಲ್ಲ ಉಬ್ಬಿದ ಪೂರಿಯ ಹಾಗೆ ಕಾಣುತ್ತಿದ್ದವು. ಹುಡುಗಿ ಸುಳ್ಳು ಹೇಳಿರಲಿಲ್ಲ.

ನಾನು ಸಿವಿಲ್ ಡಿಪ್ಲೊಮಾ ಮಾಡಿದವನು. ಹೊಟ್ಟೆಪಾಡು ಆಟೋಕ್ಯಾಡ್, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್. ದಿನಾ 30×40 ಸೈಟಿನ ಮನೆ ಪ್ಲಾನು, ಸೆಪ್ಟಿಕ್ ಟ್ಯಾಂಕು, ಮೆಟ್ಟಿಲು. ಕಮಾನು ಬೇಕಾದರೆ ಮೂರು ಚುಕ್ಕಿ ಕೊಡುತ್ತೇನೆ, ಆರ್ಕ್ ತಾನೇ ಬಂದು ಕೂರುತ್ತದೆ. ಹಾಗಾಗಿ ಹಳೇ ಕಟ್ಟಡ ಕೈಯಲ್ಲಿ ಬರೆಯೋದು ಏನು ಮಹಾ ಅಂದುಕೊಂಡಿದ್ದೆ. ಇಡೀ ಗೋರಿ ಬಿಟ್ಟು ಒಂದೇ ಒಂದು ಕಮಾನು ಸರಿಯಾಗಿ ಬರೆಯೋಣ ಅಂತ ಕೂತೆ. ಅದಕ್ಕೇ ಒಂಬತ್ತು ಭಾನುವಾರ ಹೋಯಿತು. ಆ ಒಂಬತ್ತು ಭಾನುವಾರದ ಲೆಕ್ಕ ಇದು.

ಯಾವ ಕಮಾನು

ಕೋಟೆಯಲ್ಲಿ, ಹಫ್ತ್ ಗುಂಬಜಿನಲ್ಲಿ ಕೂತು ಚಿತ್ರ ತೆಗೆದರೆ ಯಾರೂ ಏನೂ ಅನ್ನಲ್ಲ. ಆದರೆ ಅವು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ಸ್ಟೂಲ್ ಹಾಕಿಕೊಂಡು, ಗೋಡೆಗೆ ಟೇಪು ಹಚ್ಚಿ, ದಾರ ಕಟ್ಟಿ ಗಂಟೆಗಟ್ಟಲೆ ನಿಲ್ಲಬೇಕು ಅಂದರೆ ಮೊದಲು ಅನುಮತಿ ಕೇಳಬೇಕು. ಕಲಿಯುವವನು ತಪ್ಪು ಮಾಡಲಿಕ್ಕೆ ಅದು ಜಾಗ ಅಲ್ಲ.

ಕಲಬುರಗಿಯಲ್ಲಿ ಹೆಸರಿಲ್ಲದ ಗುಮ್ಮಟಗಳಿಗೆ ಬರ ಇಲ್ಲ. ಯಾವುದೋ ಗಲ್ಲಿಯ ಕೊನೆಗೆ, ಯಾರದೋ ಹೊಲದ ಬದುವಿಗೆ ಒಂದು ಇದ್ದೇ ಇರುತ್ತದೆ. ನಮ್ಮ ಓಣಿಯ ಹಿಂದೆಯೂ ಒಂದು ಸಣ್ಣದಿದೆ. ಬೋರ್ಡಿಲ್ಲ, ಶಾಸನ ಇಲ್ಲ. ಗುರುವಾರ ಯಾರೋ ಒಂದು ದೀಪ, ಎರಡು ಊದುಬತ್ತಿ ಹಚ್ಚಿ ಹೋಗುತ್ತಾರೆ. ಅದರ ದಕ್ಷಿಣದ ಬಾಗಿಲ ಕಮಾನು ನೆಲದಿಂದ ತುದಿಯವರೆಗೆ ಹತ್ತಿರ ಹತ್ತಿರ ಏಳೂವರೆ ಅಡಿ. ಒಂದು ಸ್ಟೂಲ್ ಇದ್ದರೆ ಎಲ್ಲ ಕೈಗೆ ಸಿಗುತ್ತದೆ. ಇದೇ ಸರಿ ಅನ್ನಿಸಿತು.

ಮೊದಲ ದಿನ ಟೇಪು ಬಿಚ್ಚಿದ್ದೇ ತಡ, ಎದುರು ಮನೆಯ ಚಾಚಾ ಹೊರಗೆ ಬಂದರು.

"ಕಾರ್ಪೊರೇಷನ್‌ನವರೇನ್ರಿ?"

"ಅಲ್ರಿ ಚಾಚಾ. ಚಿತ್ರ ತೆಗೀಲಾಕ ಬಂದೀನಿ."

"ಚಿತ್ರಕ್ಕ ಟೇಪ್ ಯಾಕ ಬೇಕು? ಜಾಗಾ ಅಳೀಲಾಕತ್ತೀರೇನು?"

ಅವರ ಅನುಮಾನ ತಪ್ಪಲ್ಲ. ನಮ್ಮ ಊರಲ್ಲಿ ಟೇಪು ಹಿಡಿದು ಬಂದವನು ಒಂದೋ ರಸ್ತೆ ಅಗಲ ಮಾಡುವವನು, ಇಲ್ಲ ಜಾಗ ಕಬ್ಜಾ ಮಾಡುವವನು. ಉಳ್ಳಾಗಡ್ಡಿ ಚಿತ್ರ ತೋರಿಸಿದೆ. ಅದನ್ನು ನೋಡಿದ ಮೇಲೆ ಇವನಿಂದ ಯಾರಿಗೂ ಅಪಾಯ ಇಲ್ಲ ಅನ್ನಿಸಿರಬೇಕು, ಚಹಾ ಕಳಿಸಿದರು. ಮುಂದಿನ ವಾರದಿಂದ ಸ್ಟೂಲ್ ಕೂಡ ಅವರ ಮನೆಯದೇ.

ಸಾಮಾನು

ಟೇಪು ಇತ್ತು. ರಸಮಟ್ಟ, ತೂಕದ ಗುಂಡು ನಮ್ಮ ಪರಿಚಯದ ಗೌಂಡಿ ಕಾಕಾ ಕೊಟ್ಟರು. ಲೆವೆಲ್ ನೋಡಲಿಕ್ಕೆ ಆರು ಮೀಟರ್ ಪಾರದರ್ಶಕ ಪೈಪು, ಒಳಗೆ ನೀರು. ನೀರಿಗೆ ಒಂದು ಚಿಟಿಕೆ ಕುಂಕುಮ ಹಾಕಿದರೆ ಮಟ್ಟ ಚೆನ್ನಾಗಿ ಕಾಣುತ್ತದೆ. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಮಾತ್ರ ಎಲ್ಲ ಸುಳ್ಳು, ಅದನ್ನು ಮೊದಲೇ ನೋಡಿಕೊಳ್ಳಬೇಕು. ಒಂದು ಬಿದಿರು ಕೋಲು, ಅದರ ಮೇಲೆ 5 ಸೆಂ.ಮೀ.ಗೆ ಒಂದರಂತೆ ಪೆನ್ನಿನ ಗೀಟು. ರಟ್ಟಿಗೆ ಕ್ಲಿಪ್ ಹಾಕಿದ ಹಾಳೆ. ಗೋಡೆ ಮೇಲೆ ಏನೂ ಬರೆಯಬಾರದು, ಮೊಳೆ ಹೊಡೆಯಬಾರದು ಅಂತ ನಾನೇ ಹಾಕಿಕೊಂಡ ನಿಯಮ. ಗುರುತು ಬೇಕಾದಲ್ಲಿ ಬಣ್ಣದವರು ಬಳಸುವ ಕಾಗದದ ಟೇಪು, ಕೆಲಸ ಮುಗಿದ ಮೇಲೆ ಕಿತ್ತುಬಿಡುವುದು.

ಗುಂಡು ಬಿಟ್ಟ ಕೂಡಲೇ ಮೊದಲ ಗೊಂದಲ. ಹೊರಗೋಡೆಯ ಮುಂದೆ ಕೋಲಿನಿಂದ ಗುಂಡು ಇಳಿಬಿಟ್ಟು, ದಾರದಿಂದ ಗೋಡೆಗೆ ಎಷ್ಟು ದೂರ ಅಂತ ಅಳೆದೆ. ಕೆಳಗೆ 10 ಸೆಂ.ಮೀ. ಎರಡು ಮೀಟರ್ ಮೇಲೆ 16. ಗೋಡೆ ಕುಸಿದು ಒಳಗೆ ವಾಲಿದೆ ಅಂದುಕೊಂಡೆ. ಉಳಿದ ಮೂರು ಬದಿ ಅಳೆದರೂ ಅಷ್ಟೇ ಬಂತು. ನಾಲ್ಕು ಗೋಡೆ ಸಮವಾಗಿ ಕುಸಿಯಲಿಕ್ಕೆ ಸಾಧ್ಯ ಇಲ್ಲ, ಅಲ್ವಾ?

ಅದು ಕಟ್ಟಿದ್ದೇ ಹಾಗೆ. ಬುಡ ದಪ್ಪ, ಮೇಲೆ ಹೋದ ಹಾಗೆ ಗೋಡೆ ಒಳಗೆ ಸರಿಯುತ್ತದೆ. ಈ ಪದ್ಧತಿ ದೆಹಲಿಯ ತುಘಲಕರ ಕಾಲದ್ದು. 1325ರಲ್ಲಿ ತೀರಿಕೊಂಡ ಘಿಯಾಸುದ್ದೀನ್ ತುಘಲಕನ ಗೋರಿ ನೋಡಿದವರಿಗೆ ಆ ವಾಲಿದ ಗೋಡೆ ನೆನಪಿರುತ್ತದೆ. 1347ರಲ್ಲಿ ದೆಹಲಿಯಿಂದ ಬೇರೆಯಾಗಿ ಬಹಮನಿ ರಾಜ್ಯ ಕಟ್ಟಿದ ಅಲಾವುದ್ದೀನ್ ಹಸನ್ ಮೊದಲು ತುಘಲಕರ ಕೈಕೆಳಗೇ ಇದ್ದವನು. ರಾಜ್ಯ ಬೇರೆ ಆಯಿತು, ಗೋಡೆ ಕಟ್ಟುವ ರೂಢಿ ಅದೇ ಉಳಿಯಿತು. ಕೋಟೆಯ ಹತ್ತಿರ ಇರುವ ಹಸನನ ಗೋರಿಯ ಗೋಡೆಗಳೂ ಹೀಗೇ ಒಳಗೆ ವಾಲಿವೆ. ಎಷ್ಟೋ ಸಲ ಅದರ ಮುಂದೆ ಬೈಕಿನಲ್ಲಿ ಹೋಗಿದ್ದೇನೆ. ಗುಂಡು ಹಿಡಿದ ಮೇಲೇ ಅದು ಕಣ್ಣಿಗೆ ಬಿದ್ದದ್ದು.

ಅಳತೆ

ಕಮಾನು ಅಳೆಯುವ ದಾರಿ ಸರಳ. ಗೋಡೆ ನೇರವಾಗಿ ಮೇಲೆ ಹೋಗಿ ಎಲ್ಲಿ ಬಗ್ಗಲು ಶುರುವಾಗುತ್ತದೋ, ಆ ಮಟ್ಟಕ್ಕೆ ಈ ಕಡೆಯಿಂದ ಆ ಕಡೆಗೆ ಅಡ್ಡ ದಾರ ಎಳೆಯುವುದು. ದಾರದ ಮೇಲೆ 20 ಸೆಂ.ಮೀ.ಗೆ ಒಂದು ಗುರುತು. ಪ್ರತಿ ಗುರುತಿನಿಂದ ನೆಟ್ಟಗೆ ಮೇಲೆ ಕಮಾನಿನವರೆಗೆ ಎಷ್ಟು ಎತ್ತರ ಅಂತ ಬರೆದುಕೊಳ್ಳುವುದು. ಅಷ್ಟೇ.

ಕಷ್ಟ ಇರುವುದು "ಎಲ್ಲಿ ಬಗ್ಗಲು ಶುರು" ಅನ್ನುವುದರಲ್ಲಿ. ಅಲ್ಲಿ ಯಾವ ಪಟ್ಟಿಯೂ ಇಲ್ಲ, ಹೂವಿನ ಕೆತ್ತನೆಯೂ ಇಲ್ಲ. ಸುಣ್ಣದ ಗಾರೆಯ ಗಚ್ಚು ಕೆಳಗಿನಿಂದ ಮೇಲಿನವರೆಗೆ ಒಂದೇ ಸಮ ಹರಿದಿದೆ. ನೆಲದಿಂದ 141 ಸೆಂ.ಮೀ. ಎತ್ತರದಲ್ಲಿ ಗಚ್ಚು ಒಡೆದು ಒಂದು ಗೆರೆ ಕಾಣುತ್ತಿತ್ತು. ಇಲ್ಲೇ ಅಂತ ದಾರ ಕಟ್ಟಿ, ಎರಡು ವಾರ ಅಳತೆ ಮಾಡಿದೆ. ಎರಡು ವಾರವೂ ದಂಡ.

ಮೂರನೇ ವಾರ ಒಂದು ಮೀಟರ್ ಉದ್ದದ ಅಲ್ಯುಮಿನಿಯಂ ಪಟ್ಟಿಯನ್ನು ಗೋಡೆಗೆ ಒತ್ತಿ, ಹಿಂದಿನಿಂದ ಅಕ್ಕನ ಮಗಳ ಕೈಲಿ ಮೊಬೈಲ್ ಟಾರ್ಚ್ ಹಿಡಿಸಿದೆ. ಪಟ್ಟಿ ಮತ್ತು ಗೋಡೆ ನಡುವೆ ಬೆಳಕು ಇಣುಕಲು ಶುರುವಾದದ್ದು 132ರಲ್ಲಿ. ಅಂದರೆ 9 ಸೆಂ.ಮೀ. ಕೆಳಗೆ. ಆ 9 ಸೆಂ.ಮೀ. ಎತ್ತರದಲ್ಲಿ ಕಮಾನು ಒಳಗೆ ಬಂದಿರುವುದು ಒಂದು ಸೆಂ.ಮೀ.ಗಿಂತ ಕಡಿಮೆ. ಬರಿಗಣ್ಣಿಗೆ ಕಾಣುವುದು ಎಲ್ಲಿಂದ?

ಹೊಸದಾಗಿ ಅಳೆದದ್ದು ಇಷ್ಟು, ಎಲ್ಲ ಸೆಂ.ಮೀ.ನಲ್ಲಿ. ಬಾಗಿಲ ಅಗಲ 184. ದಾರದಿಂದ ತುದಿಗೆ 95.5. ಎಡಗಡೆಯಿಂದ 20ರಲ್ಲಿ ಎತ್ತರ 45, 40ರಲ್ಲಿ 66, 60ರಲ್ಲಿ 80, 80ರಲ್ಲಿ 91. ಬಲಗಡೆಯೂ ಬಹುತೇಕ ಅದೇ, 40ರಲ್ಲಿ ಮಾತ್ರ 63. ಯಾಕೆ ಅಂತ ನೋಡಿದರೆ ಅಲ್ಲಿ ಯಾರೋ ಸಿಮೆಂಟು ಮೆತ್ತಿದ್ದಾರೆ. ಗಚ್ಚಿನ ಪಕ್ಕ ಬೂದು ಬಣ್ಣದ ಗಡ್ಡೆ. ಮೆತ್ತಿದವರಿಗೆ ಕಟ್ಟಡ ಉಳಿಸುವ ಆಸೆ ಇದ್ದಿರಬಹುದು. ಆದರೆ ಸುಣ್ಣದ ಗಚ್ಚು ಒದ್ದೆಯಾದರೆ ಉಸಿರಾಡಿ ಒಣಗುತ್ತದೆ, ಸಿಮೆಂಟು ನೀರನ್ನು ಹಿಂದೆಯೇ ಕೂಡಿಹಾಕುತ್ತದೆ. ಆ ಗಡ್ಡೆಯ ಅಂಚಿನಲ್ಲಿ ಹಳೇ ಗಚ್ಚು ಆಗಲೇ ಪುಡಿಪುಡಿ.

ಪೂರಿ ಯಾಕೆ ಉಬ್ಬಿತು

ಮನೆಗೆ ಬಂದು ಹಾಳೆ ಹರಡಿದೆ. ಡಿಪ್ಲೊಮಾ ಕಾಲದ ಮಿನಿ ಡ್ರಾಫ್ಟರ್, ಅಂದರೆ ಹಾಳೆ ಮೇಲೆ ನೇರ ಗೆರೆ ಎಳೆಯುವ ಸಾಧನ, ಅಟ್ಟದಿಂದ ಇಳಿಸಿದೆ. ಅದರ ಸ್ಕ್ರೂ ತುಕ್ಕು ಹಿಡಿದಿತ್ತು, ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟ ಮೇಲೆ ತಿರುಗಿತು.

ನನಗೆ ಗೊತ್ತಿದ್ದ ಚೂಪು ಕಮಾನು ಒಂದೇ ಬಗೆಯದು, ಎರಡು ಕೇಂದ್ರದ್ದು. ಎಡಗಡೆಯ ಬಾಗಿಗೆ ಬಲಗಡೆ ಒಂದು ಕೇಂದ್ರ, ಬಲಗಡೆಯ ಬಾಗಿಗೆ ಎಡಗಡೆ ಒಂದು. ಎರಡೂ ಆ ಅಡ್ಡ ದಾರದ ಮೇಲೇ. ಅಗಲ, ಎತ್ತರ ಗೊತ್ತಿದ್ದರೆ ತ್ರಿಜ್ಯ ಲೆಕ್ಕದಿಂದ ಸಿಗುತ್ತದೆ. ನನ್ನ ಅಳತೆಗೆ 95.6 ಬಂತು. ಬರೆದೆ. ಅದರ ಮೇಲೆ ಅಳತೆಯ ಚುಕ್ಕಿಗಳನ್ನು ಇಟ್ಟೆ.

ಒಂದೂ ಗೆರೆ ಮೇಲೆ ಬೀಳಲಿಲ್ಲ. 20ರ ಜಾಗದಲ್ಲಿ ನನ್ನ ಗೆರೆ 58 ದಾಟಿತ್ತು, ಗೋಡೆ ಹೇಳಿದ್ದು 45. 40ರಲ್ಲಿ 78, ಗೋಡೆಯದು 66. 60ರಲ್ಲಿ 89ಕ್ಕೆ 80. ಎಲ್ಲ ಕಡೆ ನನ್ನ ಕಮಾನು ಹೊರಗೆ ಉಬ್ಬಿದೆ, ತುದಿ ಮೊಂಡಾಗಿದೆ. ನಿಜವಾದ ಕಮಾನು ಬುಡದ ಹತ್ತಿರ ಗಕ್ಕನೆ ಬಗ್ಗಿ, ಆಮೇಲೆ ಹೆಚ್ಚುಕಡಿಮೆ ನೇರವಾಗಿ ತುದಿಗೆ ಹೋಗುತ್ತದೆ. ಉಳ್ಳಾಗಡ್ಡಿಯ ಗುಟ್ಟು ಇದೇ. ಕಣ್ಣ ಮುಂದೆ ಇದ್ದದ್ದು ಒಂದು, ನನ್ನ ಕೈ ಬರೆಯುತ್ತಿದ್ದದ್ದು ಅದಕ್ಕೆ ಗೊತ್ತಿದ್ದ ಇನ್ನೊಂದು.

ಸುಮ್ನೆ ಚುಕ್ಕಿ ಸೇರಿಸಿ ಗೆರೆ ಎಳೆದರೆ ಮುಗಿಯುತ್ತಿತ್ತು. ಆಫೀಸಿನಲ್ಲಾದರೆ ಅದನ್ನೇ ಮಾಡುತ್ತಿದ್ದೆ. ಇಲ್ಲಿ ಮನಸ್ಸು ಒಪ್ಪಲಿಲ್ಲ. ಕಟ್ಟಿದವನು ಚುಕ್ಕಿ ಸೇರಿಸಿ ಕಟ್ಟಿರಲಿಕ್ಕಿಲ್ಲ.

ನಾಲ್ಕು ಕೇಂದ್ರದ ಕಮಾನು ಅಂತ ಒಂದಿದೆ. ಬುಡದಲ್ಲಿ ಎರಡು ಸಣ್ಣ ಬಾಗು, ಮೇಲೆ ಎರಡು ದೊಡ್ಡ ಬಾಗು. ಇರಾನ್, ಮಧ್ಯ ಏಷ್ಯಾ ಕಡೆ ಇದು ಬಹಳ ಹಳೆಯ ಬಳಕೆ. ಕಾಲೇಜಿನಲ್ಲಿ ಕಲಿಸುವ ವಿಧಾನ ಹೀಗೆ: ಅಗಲವನ್ನು ನಾಲ್ಕು ಪಾಲು ಮಾಡು. ಒಂದನೇ ಮತ್ತು ಮೂರನೇ ಗುರುತು ಸಣ್ಣ ಬಾಗಿನ ಕೇಂದ್ರ. ಅವುಗಳಿಂದ ಎರಡು ಪಾಲು ಕೆಳಗೆ ಇಳಿ, ಅವು ದೊಡ್ಡ ಬಾಗಿನ ಕೇಂದ್ರ. ಮಾಡಿದೆ. ತುದಿ 78ಕ್ಕೇ ನಿಂತಿತು. ಈಗ ಹದಿನೇಳೂವರೆ ಸೆಂ.ಮೀ. ಗಿಡ್ಡ. ಮೊದಲು ಪೂರಿ, ಈಗ ಚಪಾತಿ.

ಮಾಳಿಗೆ ಮೇಲೆ

ಹಾಳೆ ಮೇಲೆ ತಲೆ ಓಡದೆ ಹೋದಾಗ ಗೌಂಡಿ ಕಾಕಾಗೆ ಫೋನ್ ಮಾಡಿದೆ. ಗುಡಿಯ ಮಹಾದ್ವಾರ, ಮನೆ ಮುಂದಿನ ಕಮಾನು ಅಂತ ಜೀವನವಿಡೀ ಕಟ್ಟಿದವರು. ಹಾಳೆ ನೋಡಲೇ ಇಲ್ಲ. "ಇಷ್ಟು ಸಣ್ಣದರಾಗ ಏನ್ ತಿಳೀತದ ತಮ್ಮಾ? ಮಾಳಿಗಿ ಮ್ಯಾಲೆ ಪೂರಾ ಹಾಕು, ಇದ್ದಷ್ಟೇ."

ಮಾಳಿಗೆ ಮೇಲೆ ಅವ್ವನ ಸಂಡಿಗೆ ಒಣಗುತ್ತಿತ್ತು. ಏಪ್ರಿಲ್ ತಿಂಗಳು, ನಮ್ಮಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಬೆಳಿಗ್ಗೆ ಆರರಿಂದ ಎಂಟೂವರೆ ನನ್ನದು, ಆಮೇಲೆ ಸಂಡಿಗೆಯದು ಅಂತ ಒಪ್ಪಂದವಾಯಿತು. ಶರತ್ತು ಒಂದೇ, ಸುಣ್ಣದ ಕಡ್ಡಿಯ ಪುಡಿ ಸಂಡಿಗೆಗೆ ತಾಗಬಾರದು.

ಆರ್‌ಸಿಸಿ ಮಾಳಿಗೆಗೆ ಮೊಳೆ ಹೊಡೆದರೆ ಮಳೆಗಾಲದಲ್ಲಿ ನಾನೇ ಅನುಭವಿಸಬೇಕು. ಅದಕ್ಕೆ ನಾಲ್ಕು ಹಲಗೆ ತುಂಡಿಗೆ ಒಂದೊಂದು ಮೊಳೆ ಹೊಡೆದು, ಮೊಳೆ ಮೇಲ್ಮುಖವಾಗಿ ಇಟ್ಟು, ಹಲಗೆ ಮೇಲೆ ಎರಡೆರಡು ಇಟ್ಟಿಗೆ ಹೇರಿದೆ. ಅಡ್ಡ ಗೆರೆಗೆ ಬಣ್ಣದ ದಾರ ಚಿಮ್ಮಿಸಿದೆ. ಮೂಲೆ ನೇರ ಇದೆಯಾ ಅಂತ 3-4-5 ಹಾಕಿ ನೋಡಿದೆ: ಒಂದು ಕಡೆ 90, ಇನ್ನೊಂದು ಕಡೆ 120 ಅಳೆದರೆ ಕರ್ಣ 150 ಬರಬೇಕು. ಬಂತು.

ಆಮೇಲೆ ಸುತ್ತಳಿ ಕಟ್ಟಿ ಬಾಗು ಎಳೆದೆ. ಎಡದ ಬಾಗು ಒಂದು ಕಡೆ ಮುಗಿಯಿತು, ಬಲದ ಬಾಗು ಅದಕ್ಕಿಂತ ನಾಲ್ಕು ಸೆಂ.ಮೀ. ಮೇಲೆ ಮುಗಿಯಿತು. ಮತ್ತೆ ಎಳೆದರೆ ಮೂರನೇ ಜಾಗ. ಮೂರು ಸಲ ಅಳಿಸಿ, ಬಕೆಟ್ ನೀರು ಹಾಕಿ ತೊಳೆದೆ. ಕಾಕಾ ಬಂದು ಮೂಲೆಯಲ್ಲಿ ಕೂತು ನೋಡುತ್ತಿದ್ದರು. ಬಹಳ ಹೊತ್ತು ಏನೂ ಅನ್ನಲಿಲ್ಲ.

"ಸುತ್ತಳಿ ಜಗ್ಗತದ. ನೀ ಒಂದು ಸಲ ಜೋರ್ ಹಿಡೀತಿ, ಒಂದು ಸಲ ಸಡ್ಲ ಬಿಡ್ತಿ. ಪಟ್ಟಿ ತಗೋ."

ರೀಪರ್ ಪಟ್ಟಿ ಒಂದನ್ನು ಎತ್ತಿಕೊಂಡು ಒಂದು ತುದಿಗೆ ಮೊಳೆ ಕೂರುವಷ್ಟು ತೂತು ಹಾಕಿದೆವು. ಇನ್ನೊಂದು ಕಡೆ ಬೇಕಾದ ಉದ್ದಕ್ಕೆ ಚಾಕ್‌ಪೀಸ್ ಕೂರುವ ತೂತು. ಮರ ಜಗ್ಗುವುದಿಲ್ಲ. ಬಾಗು ಎಷ್ಟು ಸಲ ತಿರುಗಿಸಿದರೂ ಒಂದೇ ಗೆರೆ ಮೇಲೆ ಓಡಿತು. ಆದರೆ ಎತ್ತರ ಇನ್ನೂ ಅದೇ 78.

ಪಾಲು ಮಾಡಿದ್ದನ್ನು ಕಾಕಾಗೆ ವಿವರಿಸಿದೆ. ಕೆಳಗಿನ ಎರಡು ಹಲಗೆಯನ್ನು ಅವರು ಕಾಲಿನಿಂದಲೇ ಮೇಲಕ್ಕೆ ಸರಿಸಿದರು. "ಎರಡು ಪಾಲು ಯಾಕ ಇಳೀಬೇಕು? ಒಂದೇ ಇಳಿ. ಯಾರು ಹೇಳ್ಯಾರ ಎರಡು ಅಂತ?"

ಕಾಲೇಜು ಹೇಳಿತ್ತು. ಅಷ್ಟೇ.

ಒಂದು ಪಾಲು ಅಂದರೆ 46 ಸೆಂ.ಮೀ. ಈಗ ನಾಲ್ಕು ಮೊಳೆ ಸೇರಿ ಒಂದು ಆಯತ ಆಯಿತು, ಅಗಲ 92, ಎತ್ತರ 46. ಎರಡು ಚೌಕ ಜೋಡಿಸಿದ ಹಾಗೆ. ಮೇಲಿನ ಎಡ ಮೊಳೆಯಿಂದ 46ರ ಸಣ್ಣ ಬಾಗು ತೆಗೆದೆ. ಕೆಳಗಿನ ಬಲ ಮೊಳೆಗೆ ಪಟ್ಟಿ ಸಿಕ್ಕಿಸಿ, ಮೇಲಿನ ಎಡ ಮೊಳೆಯ ಪಕ್ಕ ತಾಗಿಸಿ ಮುಂದಕ್ಕೆ ಚಾಚಿದರೆ ಅದು ಸಣ್ಣ ಬಾಗನ್ನು ಒಂದು ಕಡೆ ಮುಟ್ಟುತ್ತದೆ. ಚಾಕ್ ತೂತು ಅಲ್ಲಿಗೆ. ಲೆಕ್ಕವೇ ಬೇಡ, ಉದ್ದ ತಾನೇ ಸಿಕ್ಕಿತು. ಆಮೇಲೆ ಅಳೆದು ನೋಡಿದೆ, 149ಕ್ಕೆ ಒಂದು ಕೂದಲೆಳೆ ಕಡಿಮೆ. ಪಟ್ಟಿ ತಿರುಗಿಸಿದೆ. ಬಲಗಡೆಯೂ ಹಾಗೇ.

ಎರಡು ಗೆರೆ ಸೇರಿದ ಜಾಗಕ್ಕೆ ಟೇಪು ಹಿಡಿದೆ. 95.6.

ಉಳಿದ ಚುಕ್ಕಿಗಳನ್ನೂ ನೋಡಿದೆವು. 20ರಲ್ಲಿ 44.7, ಗೋಡೆಯದು 45. 40ರಲ್ಲಿ 66ಕ್ಕೆ 66. 60ರಲ್ಲಿ 80.8ಕ್ಕೆ 80. 80ರಲ್ಲಿ 91ಕ್ಕೆ 91. ನಾನು ಮಾಳಿಗೆ ಮೇಲೆ ಕುಣಿದದ್ದು ಅವ್ವನಿಗೆ ಕೆಳಗೆ ಕೇಳಿಸಿ, ಸಂಡಿಗೆ ಮೇಲೆ ಕಾಲಿಟ್ಟನೋ ಏನೋ ಅಂತ ಓಡಿ ಬಂದಳು.

ಕಾಕಾಗೆ ಅಂಥ ಆಶ್ಚರ್ಯ ಏನೂ ಆಗಲಿಲ್ಲ. "ಅಳತಿ ಹಿಡ್ಕೊಂಡು ಕುಂತಿದ್ದಿ. ಕಟ್ಟೋನು ಅಳತಿ ಮಾಡಂಗಿಲ್ಲ, ಪಾಲು ಮಾಡ್ತಾನ. ದಾರ ಮಡಚಿದ್ರ ಅರ್ಧ, ಮತ್ತ ಮಡಚಿದ್ರ ಪಾವು. ಮುಗೀತು." ಅಗಲದಷ್ಟು ದಾರವನ್ನು ಎರಡು ಸಲ ಮಡಚಿ ಅವರು ತೋರಿಸಿದ್ದು ನಾನು ಕ್ಯಾಲ್ಕುಲೇಟರ್ ಒತ್ತಿ ಕಂಡುಹಿಡಿದ 46ನ್ನು. ಮೀಟರ್, ಅಡಿ ಇಲ್ಲದ ಕಾಲದಲ್ಲೂ ಇದು ನಡೆಯುತ್ತದೆ. ಬಾಗಿಲು ದೊಡ್ಡದಾಗಲಿ ಸಣ್ಣದಾಗಲಿ, ದಾರ ಮಡಚುವ ಬಗೆ ಒಂದೇ.

ಪಟ್ಟಿ ಕೈವಾರ

ಹಾಳೆಗೆ ಇಳಿಸಲು 1:5 ಆರಿಸಿಕೊಂಡೆ. ಎ2 ಹಾಳೆ ಉದ್ದಕ್ಕೆ ಇಟ್ಟರೆ ನೆಲದಿಂದ ತುದಿವರೆಗೆ ಇಡೀ ಬಾಗಿಲು ಹಿಡಿಸುತ್ತದೆ. ಸಣ್ಣ ಬಾಗು 9.2 ಸೆಂ.ಮೀ., ಅದು ಮಾಮೂಲಿ ಕೈವಾರದಲ್ಲೇ ಆಯಿತು. ದೊಡ್ಡದು 29.8. ನನ್ನ ಕೈವಾರ ಪೂರ್ತಿ ಕಾಲು ಚಾಚಿದರೂ 14 ದಾಟುವುದಿಲ್ಲ. ಹಾಗೆ ಚಾಚಿದಾಗ ಪೆನ್ಸಿಲ್ ಅಡ್ಡ ಮಲಗಿ ಗೆರೆ ದಪ್ಪ ಆಗುವುದು ಬೇರೆ.

ಮಾಳಿಗೆಯ ಪಟ್ಟಿಯನ್ನೇ ಸಣ್ಣದು ಮಾಡಿದೆ. ಬಡಗಿ ಅಂಗಡಿಯ ಹೊರಗೆ ಬಿದ್ದಿದ್ದ ಸಾಗುವಾನಿ ಬೀಡಿಂಗ್ ತುಂಡು, 40 ಸೆಂ.ಮೀ. ಉದ್ದ. ಒಂದು ತುದಿಗೆ ಹೊಲಿಗೆ ಸೂಜಿಯ ಮೊನೆ. ಸೂಜಿಯನ್ನು ಕಟ್ಟಿಂಗ್ ಪ್ಲೇಯರಿನಲ್ಲಿ ಹಿಡಿದು ಮುರಿದು, ಮೊದಲೇ ಸಣ್ಣ ತೂತು ಕೊರೆದು ಅದರೊಳಗೆ ಫೆವಿಕ್ವಿಕ್ ಹಾಕಿ ಕೂರಿಸಿದೆ. ಸೂಜಿ 3 ಮಿ.ಮೀ. ಮಾತ್ರ ಹೊರಗಿರಬೇಕು. ಜಾಸ್ತಿ ಬಿಟ್ಟರೆ ಪಟ್ಟಿ ಓಲಾಡುತ್ತದೆ.

ಪೆನ್ಸಿಲ್ ಕಡೆಗೆ ಮೊದಲು ಬಟ್ಟೆ ಒಣಹಾಕುವ ಕ್ಲಿಪ್ ಹಾಕಿದೆ. ಅರ್ಧ ಬಾಗಿಗೆ ಅದು ಜಾರಿ, ಗೆರೆ 2 ಮಿ.ಮೀ. ಒಳಗೆ ಬಂತು. ಚೆನ್ನಾಗಿ ಬಂದಿದ್ದ ಹಾಳೆ ಹಾಳು. ಆಮೇಲೆ 29.8ರ ಗುರುತಿಗೆ ನೇರವಾಗಿ ತೂತು ಕೊರೆದೆ, 2 ಮಿ.ಮೀ. ಡ್ರಿಲ್ ಬಿಟ್. ಅದರೊಳಗೆ ಕ್ಲಚ್ ಪೆನ್ಸಿಲಿನ 2 ಮಿ.ಮೀ. ಸೀಸದ ಕಡ್ಡಿಯೇ ಬಿಗಿಯಾಗಿ ಕೂರುತ್ತದೆ. ಬೇರೆ ತ್ರಿಜ್ಯಕ್ಕೆ ಬೇರೆ ತೂತು. ಈಗ ಆ ಪಟ್ಟಿ ಕೊಳಲಿನ ಹಾಗೆ ಕಾಣುತ್ತದೆ.

ಹಾಳೆ ಮೇಲೆ 2ಎಚ್‌ನಲ್ಲಿ ಕಟ್ಟುವ ಗೆರೆಗಳು: ನಾಲ್ಕು ಪಾಲು, ಆಯತ, ಕರ್ಣ. ಅಳಿಸಲಿಲ್ಲ, ತೆಳ್ಳಗೆ ಹಾಗೇ ಬಿಟ್ಟೆ. ಅದರ ಮೇಲೆ ಎಚ್‌ಬಿಯಲ್ಲಿ ಕಮಾನು. ಸಿಮೆಂಟಿನ ಗಡ್ಡೆಯನ್ನು ಏನು ಮಾಡುವುದು ಅಂತ ಒಂದು ಸಂಜೆ ಯೋಚಿಸಿದೆ. ಬಿಟ್ಟು ಬರೆದರೆ ಚಿತ್ರ ಚೆಂದ. ಆದರೆ ಇವತ್ತು ಅಲ್ಲಿ ಇರುವುದು ಅದೇ ತಾನೇ? ಗಡ್ಡೆಯನ್ನು ಇದ್ದ ಹಾಗೆ ಬರೆದು, ಅದರ ಹಿಂದೆ ಇರಬೇಕಾದ ಕಮಾನನ್ನು ಚುಕ್ಕಿ ಗೆರೆಯಲ್ಲಿ ತೋರಿಸಿದೆ.

ಕೋಟೆಗೆ ಒಂದು ಬೆಳಿಗ್ಗೆ

ನಡುವೆ ಒಂದು ಭಾನುವಾರ ಟೇಪು ಮನೆಯಲ್ಲೇ ಬಿಟ್ಟು ಕೋಟೆಗೆ ಹೋದೆ, ಜಾಮಿ ಮಸೀದಿಗೆ. 1367ರದ್ದು, ಕಟ್ಟಿದವನು ಇರಾನಿನ ಕಜ್ವೀನ್ ಮೂಲದ ರಫೀ ಅಂತ ಶಾಸನ ಹೇಳುತ್ತದೆ. 216 ಅಡಿ ಉದ್ದ, 176 ಅಡಿ ಅಗಲ. ಇಷ್ಟು ದೊಡ್ಡ ಮಸೀದಿಗಳಲ್ಲಿ ನಡುವೆ ಬಯಲು ಅಂಗಳ ಇರುವುದು ರೂಢಿ. ಇಲ್ಲಿ ಇಡೀ ಕಟ್ಟಡಕ್ಕೆ ಗುಮ್ಮಟಗಳ ಮಾಡು. ಬದಿಯ ಸಾಲಿನಲ್ಲಿ ಅಗಲವಾದ ಕಮಾನುಗಳಿವೆ. ಅವು ಬಗ್ಗಲು ಶುರುವಾಗುವುದು ಎಷ್ಟು ಕೆಳಗೆ ಅಂದರೆ, ನೆಲದಿಂದಲೇ ಎದ್ದು ಚಾಚಿದ ಹಾಗೆ ಕಾಣುತ್ತವೆ. ಮೊದಲು ನೋಡಿದಾಗ "ದೊಡ್ಡ ಕಮಾನು" ಅಂತ ಮಾತ್ರ ಅನ್ನಿಸಿತ್ತು. ಈಗ ಕಣ್ಣು ತಾನಾಗಿ ಮೊದಲು ಆ ಬಗ್ಗುವ ಜಾಗ ಹುಡುಕಿತು.

ಒಂದೇ ಜಾಗದಲ್ಲಿ ಎರಡು ಗಂಟೆ ಕೂತು ಒಂದು ಅಂಕಣದ, ಅಂದರೆ ಕಂಬಗಳ ನಡುವಿನ ಒಂದು ಜಾಗದ ಚಿತ್ರ ತೆಗೆದೆ. ಪೆನ್ಸಿಲನ್ನು ಕೈ ಚಾಚಿ ಹಿಡಿದು ಅಗಲ ನೋಡಿದೆ, ಅದೇ ಪೆನ್ಸಿಲಿನಿಂದ ಎತ್ತರ ಎಷ್ಟು ಪಾಲು ಅಂತ ನೋಡಿದೆ. ಸಾಲುಗಂಬದ ಒಳಗೆ ಕತ್ತಲೆ, ಆಚೆ ಬೆಳಕು. ಕೈ ಹಾಕಬೇಕಾದದ್ದು ಕತ್ತಲೆಗೆ, ಗೆರೆಗಲ್ಲ ಅಂತ ಅವತ್ತು ಗೊತ್ತಾಯಿತು. ಅದು ಇನ್ನೊಂದು ಕಲಿಕೆ, ಇಲ್ಲಿ ಬೇಡ.

ಬೀದರಿಗೆ ಯಾಕೆ ಹೋಗಲ್ಲ ಅಂತ ಗೆಳೆಯರು ಕೇಳುತ್ತಾರೆ. ಹೋಗಬೇಕು. ಅಲಿ ಬರೀದನ ಗೋರಿ ನಾಲ್ಕೂ ಕಡೆ ತೆರೆದದ್ದು, ಕಮಾನಿನ ಹಿಂದೆ ಬರೀ ಆಕಾಶ. ಅಂಚಿನ ಬಾಗು ನೋಡಲಿಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಮಹಮೂದ್ ಗವಾನನ 1472ರ ಮದರಸಾ ಮಾತ್ರ ಸದ್ಯಕ್ಕೆ ದೂರದಿಂದಲೇ ನಮಸ್ಕಾರ. ಅದರ ಹೆಂಚಿನ ಬಣ್ಣ ಬರೆಯುವ ಧೈರ್ಯ ನನಗಿನ್ನೂ ಬಂದಿಲ್ಲ.

ಕಲ್ಲಿನ ಸಂದು

ಹಾಳೆ ಮುಗಿಸಿ ಕಾಕಾಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಛಂದ ಅದ. ಕಲ್ಲು ಎಲ್ಲಿ?"

ಕಲ್ಲು ಬರೆದಿರಲಿಲ್ಲ. ಗಚ್ಚು ಮುಚ್ಚಿದೆ, ಕಾಣಲ್ಲ ಅಂದೆ. ಎಲ್ಲಾದರೂ ಉದುರಿರಬೇಕು ನೋಡು ಅಂದರು. ಕಮಾನಿನ ಕಲ್ಲುಗಳ ನಡುವಿನ ಸಂದು ಯಾವ ಮೊಳೆಯಿಂದ ಬಾಗು ಎಳೆದರೋ ಆ ಮೊಳೆಯ ಕಡೆಗೇ ಮುಖ ಮಾಡಿರುತ್ತದೆ, ಇಲ್ಲದಿದ್ದರೆ ಕಲ್ಲು ಸರಿಯಾಗಿ ಕೂರುವುದಿಲ್ಲ. ನನ್ನ ನಾಲ್ಕು ಮೊಳೆ ನಿಜವೋ, ಲೆಕ್ಕ ಸುಮ್ನೆ ಹೊಂದಿಕೊಂಡಿತೋ ಅಂತ ತಿಳಿಯಲು ಇದೊಂದು ದಾರಿ. ನನಗೆ ಇದು ಹೊಳೆದೇ ಇರಲಿಲ್ಲ.

ಮತ್ತೆ ಹೋದೆ. ಎಡಗಡೆ, ದಾರದಿಂದ 50 ಸೆಂ.ಮೀ.ಗೂ ಮೇಲೆ, ಒಂದು ತಟ್ಟೆಯಷ್ಟು ಜಾಗದಲ್ಲಿ ಗಚ್ಚು ಉದುರಿತ್ತು. ಮೂರು ಸಂದು ಕಾಣುತ್ತಿದ್ದವು. ಬಿದಿರು ಕೋಲನ್ನು ಬಲಗಂಬದಿಂದ 46 ಸೆಂ.ಮೀ. ದೂರದಲ್ಲಿ ನೆಟ್ಟಗೆ ನಿಲ್ಲಿಸಿ, ನೆಲದಿಂದ 86ಕ್ಕೆ ಕೆಂಪು ಟೇಪು ಸುತ್ತಿದೆ. ನನ್ನ ಲೆಕ್ಕದ ಪ್ರಕಾರ ಕೆಳಗಿನ ಬಲ ಮೊಳೆ ಅಲ್ಲಿರಬೇಕು. ಚಾಚಾ ಕೋಲು ಹಿಡಿದರು. ನಾನು ಸ್ಟೂಲ್ ಮೇಲೆ ನಿಂತು ಸಂದಿನ ಉದ್ದಕ್ಕೆ ಒಂದು ಪಟ್ಟಿ ಇಟ್ಟು, ಅದೇ ನೇರಕ್ಕೆ ದಾರ ಬಿಟ್ಟೆ. ಅಕ್ಕನ ಮಗಳು ಆ ಕಡೆಯ ತುದಿ ಎಳೆದು ಹಿಡಿದಳು.

ಮೊದಲ ದಾರ ಕೆಂಪು ಟೇಪಿನಿಂದ ನಾಲ್ಕು ಬೆರಳು ಮೇಲೆ ಹಾಯಿತು. ಎರಡನೆಯದು ಮೂರು ಬೆರಳು ಕೆಳಗೆ. ಸಂದು ಕಾಣುತ್ತಿದ್ದದ್ದು ಒಂದು ಗೇಣು ಉದ್ದ ಮಾತ್ರ, ದಾರ ಹೋಗಬೇಕಾದದ್ದು ಒಂದೂವರೆ ಮೀಟರ್. ಅಷ್ಟು ತಪ್ಪು ನನ್ನ ಕೈಯದೂ ಇರಬಹುದು. ಎರಡೂ ದಾರ ಒಂದನ್ನೊಂದು ದಾಟಿದ್ದು ಅಡ್ಡ ದಾರದ ಮೇಲಲ್ಲ, ಅದಕ್ಕಿಂತ ಬಹಳ ಕೆಳಗೆ, ಕೋಲಿನಿಂದ ಒಂದು ಗೇಣಿನೊಳಗೆ.

ಮೂರನೇ ಸಂದಿನ ದಾರ ಕೋಲಿನ ಹತ್ತಿರವೂ ಬರಲಿಲ್ಲ. ನೇರ ಹೋಗಿ ಚಾಚಾನ ಮೊಣಕಾಲಿಗೆ ತಾಗಿತು.

"ಇದು ಯಾರು ಕೂಡಿಸಿದ್ದು?" ಅಂದರು ಚಾಚಾ.

ಆ ಕಲ್ಲನ್ನೂ ಹಾಳೆಯಲ್ಲಿ ಸೊಟ್ಟಗೇ ಬರೆದಿದ್ದೇನೆ.